ಹೊಕ್ಕುಳ ಸುತ್ತ

ನನ್ನ ಗರ್ಭಕೋಶದ ಬಗ್ಗೆ ಟೆಕ್ಸಾಸಿನಲ್ಲಿ ಊರಿಗೊಂದು ಅಭಿಪ್ರಾಯವಿತ್ತು. ಆಸ್ಟಿನ್ನಿನ ಡಾಕ್ಟರಮ್ಮ ತೆಗೆಸಿಬಿಡಿ ಅಂದಳು. ಹುಳುಕು ಹಲ್ಲು ಕೀಳಿಸಿಕೊಳ್ಳಿ ಅನ್ನುವಷ್ಟು ಸಲೀಸಾಗಿ ಅಂದಳು. ಡಾಲಸ್ ಕಡೆಯ ಡಾಕ್ಟರು, ಗಡ್ಡೆಯನ್ನಷ್ಟೇ ಕೊಯ್ದು ತೆಗೆಯಲು ನೋಡುತ್ತೇನೆ, ಆದರೆ ಅದು ಗೋಡೆಯೊಳಗೇ ಹೂತು ಕೂತಿದೆ, ರಕ್ತ ನಿಲ್ಲದಿದ್ದರೆ ಕೋಶವನ್ನೂ ತೆಗೆಯಬೇಕಾಗುತ್ತದೆ, ಬಹುಶಃ ತೆಗೆಯಲೇಬೇಕಾಗುತ್ತದೆ ಅಂದರು. ಆ ‘ಬಹುಶಃ’ ಕೇಳಿಸಿಕೊಂಡು ಬಂದು ಅಲ್ಲೇ ಪ್ಲೇನೋದ ಆಸ್ಪತ್ರೆಯ ಪಾರ್ಕಿಂಗ್ ಲಾಟಿನಲ್ಲಿ, ಕಾರಿನ ಬಾಗಿಲು ತೆರೆದಿಟ್ಟುಕೊಂಡೇ ಕೂತು ಅತ್ತುಬಿಟ್ಟೆ. ಹ್ಯೂಸ್ಟನ್ನಿನವರು ಮಾತ್ರ, ಕೊಯ್ಯದೆ ಮಾಡಲು ಬರುತ್ತದೋ ನೋಡೋಣ ಅಂದರು. ಆ ‘ನೋಡೋಣ’ಕ್ಕೆ ಜೋತುಬಿದ್ದೆ.

ನನಗೆ ಕೂಸು ಬೇಕಿತ್ತು. ಯಾರಿಗೋ ಮುಖ ತೋರಿಸುವುದಕ್ಕಲ್ಲ, ವಂಶ ಬೆಳಗುವುದಕ್ಕೂ ಅಲ್ಲ. ವಂಶಕ್ಕೆ ಬೆಂಕಿ ಬೀಳಲಿ. ನನಗೆ ಬೇಕಿತ್ತು, ಅಷ್ಟೇ. ಹಸಿವಾದವರನ್ನು ಯಾಕೆ ಹಸಿವು ಎಂದು ಯಾರೂ ಕೇಳುವುದಿಲ್ಲ. ನನ್ನನ್ನು ಮಾತ್ರ ಕಂಡಕಂಡವರೆಲ್ಲ ಕೇಳುತ್ತಿದ್ದರು.

ನನ್ನ ಅವ್ವ ಗಂಗವ್ವ ಬಾಗಲಕೋಟೆಯಿಂದ ಆಸ್ಟಿನ್ ಪಕ್ಕದ ಲಿಯಾಂಡರ್‌ನ ನಮ್ಮ ಮನೆಗೆ ಬಂದದ್ದು ನನ್ನ ಕುಬಸ ಮಾಡಲು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಶಾಸ್ತ್ರ ಅದು. ಸೀರೆ, ಬಳೆ, ಮುಂದೆ ಬಾಣಂತನಕ್ಕೆ ಬೇಕಾಗುವ ತಿನ್ನುವ ಅಂಟು, ಉತ್ತತ್ತಿ, ಕೊಬ್ಬರಿ ಎಲ್ಲ ಹೊತ್ತುಕೊಂಡು ಅವಳು ವಿಮಾನ ಇಳಿದ ವಾರದಲ್ಲೇ ಕೂಸು ಹೋಯಿತು. ಐದನೇ ತಿಂಗಳು. ಗಡ್ಡೆ ಅದರ ಜಾಗ ಕಸಿದುಕೊಂಡಿತ್ತು. ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ನೋಡಿದರೆ ಅವ್ವ ಒಲೆ ಮುಂದೆ ನಿಂತು ಅಂಟಿನ ಉಂಡಿ ಕಟ್ಟುತ್ತಿದ್ದಾಳೆ.

“ಯಾರಿಗೆ ಬೇ ಇವು?” ಅಂದೆ.

“ನಿನಗ. ಕೂಸು ಹೋದ್ರ ಏನಾತು, ನೀ ಬಾಣಂತೀನ.”

ನಾನು ಡಬ್ಬಿ ಎತ್ತಿ ಗೋಡೆಗೆ ಎಸೆದೆ. ಅವ್ವ ನೆಲ ಗುಡಿಸಿ, ಮತ್ತೆ ಬೆಲ್ಲ ಕಾಯಿಸಿ, ಮತ್ತೆ ಕಟ್ಟಿದಳು. ನಾನು ಅಂಥವಳು, ಅವಳು ಅಂಥವಳು.

ಆಮೇಲೆ ನನ್ನ ಮೈಯಿಂದ ರಕ್ತ ಹೋಗುವುದು ನಿಲ್ಲಲಿಲ್ಲ. ತಿಂಗಳಿಗೊಮ್ಮೆ ಬರಬೇಕಾದದ್ದು ತಿಂಗಳು ಪೂರ್ತಿ. ಕಾರಿನ ಸೀಟಿನ ಮೇಲೆ ಟವೆಲ್ ಹಾಸಿಕೊಂಡು ಆಫೀಸಿಗೆ ಹೋಗುವ ಬಾಳು. ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. ಗಂಡ ಶ್ರೀಶೈಲ್, ಪಾಪ, ಬೆಣ್ಣೆಯಷ್ಟು ಮೆತ್ತಗಿನ ಮನುಷ್ಯ, ನನ್ನ ಬೈಗುಳವನ್ನೆಲ್ಲ ನುಂಗಿಕೊಂಡು ಕೂತಲ್ಲಿ ಕೂತೇ ಇಂಟರ್‌ನೆಟ್ ಜಾಲಾಡಿ ಹ್ಯೂಸ್ಟನ್ನಿನ ಆ ಆಸ್ಪತ್ರೆಯನ್ನು ಹುಡುಕಿದ. ಅಲ್ಲಿ ಹೊಟ್ಟೆ ಕೊಯ್ಯುವುದಿಲ್ಲ. ಎಂ.ಆರ್.ಐ. ಯಂತ್ರದೊಳಗೆ ಬೋರಲು ಮಲಗಿಸುತ್ತಾರೆ. ಹೊಟ್ಟೆಯ ಕೆಳಗೆ, ನೀರಿನಲ್ಲಿ, ಅಲ್ಟ್ರಾಸೌಂಡ್ ಅಲೆ ಹೊರಡಿಸುವ ತಟ್ಟೆ ಇರುತ್ತದೆ. ಮಕ್ಕಳು ಭೂತಗನ್ನಡಿಯಿಂದ ಬಿಸಿಲನ್ನು ಒಂದೇ ಚುಕ್ಕಿಗೆ ತಂದು ಕಾಗದ ಸುಡುತ್ತಾರಲ್ಲ, ಹಾಗೆ ಆ ಅಲೆಗಳನ್ನು ಒಳಗೆ ಒಂದೇ ಚುಕ್ಕಿಯಲ್ಲಿ ಕೂಡಿಸಿ ಗಡ್ಡೆಯನ್ನು ಸ್ವಲ್ಪ ಸ್ವಲ್ಪವಾಗಿ ಸುಡುತ್ತಾರೆ. ಮೇಲಿನ ಚರ್ಮಕ್ಕೆ ಏನೂ ಆಗುವುದಿಲ್ಲ. ಆಮೇಲೆ ಬಸುರು ನಿಂತೇ ನಿಲ್ಲುತ್ತದೆ ಎಂದು ಅವರು ಹೇಳಲಿಲ್ಲ. ಕೋಶ ಉಳಿಯಬಹುದು ಅಂದರು. ನನಗೆ ಅಷ್ಟು ಸಾಕಾಗಿತ್ತು.

ಯಾವ ಅಲೆ ಯಾವ ದಾರಿಯಲ್ಲಿ ಹೋಗಬೇಕು, ಎಲ್ಲಿ ಕೂಡಬೇಕು, ಯಾವ ನರಕ್ಕೆ ತಾಗಬಾರದು ಎಂಬುದನ್ನೆಲ್ಲ ಮೊದಲೇ ಲೆಕ್ಕ ಹಾಕಿ ಪ್ಲಾನ್ ಮಾಡುವವಳು ಅಲ್ಲಿ ಒಬ್ಬಳು ಫಿಸಿಸಿಸ್ಟ್. ಹೆಸರು ನಿಶಿತಾ. ಮೈಸೂರಿನವಳು, ನನ್ನ ವಾರಿಗೆಯವಳೇ ಇರಬೇಕು. ಅವ್ವ ಕಾರಿಡಾರಿನಲ್ಲಿ ಇಳಕಲ್ ಸೀರೆ ಉಟ್ಟು ಹಣೆ ತುಂಬ ವಿಭೂತಿ ಬಳಿದುಕೊಂಡು ಕೂತದ್ದನ್ನು ನೋಡಿ ತಾನಾಗಿಯೇ ಬಂದು, “ಕನ್ನಡದವ್ರಾ?” ಅಂದಳು. ಅವ್ವನಿಗೆ ಸ್ವರ್ಗ ಸಿಕ್ಕಷ್ಟು ಖುಷಿ. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ತನ್ನ ಮಾತು ತಿಳಿಯುವವಳು ಒಬ್ಬಳಾದರೂ ಇದ್ದಾಳಲ್ಲ ಎಂದು ಅವಳ ಕೈ ಹಿಡಿದುಕೊಂಡವಳು ಬಿಡಲೇ ಇಲ್ಲ.

“ಬಾಯಾರ, ನನ್ನ ಮಗಳ ಕೈ ಬಿಡಬ್ಯಾಡ್ರಿ,” ಅಂದಳು.

“ಬಿಡಲ್ಲ ಅಮ್ಮ. ನೋಡೋಣ, ಮೊದ್ಲು ಸ್ಕ್ಯಾನ್ ಆಗ್ಲಿ.”

ಮೊದಲ ಸಲ ಹೋದಾಗ ಸ್ಕ್ಯಾನ್ ಮಾತ್ರ. ಗೌನ್ ತೊಡಿಸಿ, ಮೇಲೆ ಕಂಬಳಿ ಹೊದಿಸಿ, ಹೊಟ್ಟೆಯ ಮೇಲೆ ಪಟ್ಟಿ ಬಿಗಿದು ಯಂತ್ರದೊಳಗೆ ತಳ್ಳಿದರು. ಅದಕ್ಕೆ ಮುಂಚೆ ನಿಶಿತಾ ಕೇಳಿದ್ದಳು.

“ಹೊಟ್ಟೆ ಮೇಲೆ ಆಪರೇಷನ್ ಕಲೆ, ಟ್ಯಾಟೂ, ಅಂಥದ್ದೇನಾದ್ರೂ ಇದ್ಯಾ ಪ್ರೇರಣಾ? ಗಾಯ ಆಗಿ ಮಾಗಿದ ಜಾಗ?”

“ಇಲ್ರಿ. ಇದು ಒಂದೂ ಆಪರೇಷನ್ ಕಾಣದ ಹೊಟ್ಟಿ,” ಅಂದೆ, ಜಂಬದಿಂದಲೇ.

ಪಕ್ಕದಲ್ಲಿದ್ದ ಶ್ರೀಶೈಲ್‌ನೂ ಇಲ್ಲ ಎಂದು ತಲೆ ಆಡಿಸಿದ. ಹನ್ನೊಂದು ವರ್ಷದ ಸಂಸಾರ, ನನ್ನ ಹೊಟ್ಟೆಯನ್ನು ಅವನು ನೋಡದವನೇನಲ್ಲ. ಇಬ್ಬರೂ ಸುಳ್ಳು ಹೇಳಲಿಲ್ಲ. ನಮ್ಮಿಬ್ಬರಿಗೂ ನಿಜವಾಗಿ ನೆನಪಿಗೇ ಬರಲಿಲ್ಲ.

ಆ ಮಧ್ಯಾಹ್ನ ನಿಶಿತಾ ನಮ್ಮನ್ನು ತನ್ನ ಕಂಪ್ಯೂಟರ್ ಮುಂದೆ ಕೂರಿಸಿಕೊಂಡು ನನ್ನ ಒಳಗನ್ನೆಲ್ಲ ತೋರಿಸಿದಳು. ಬೂದು ಬಣ್ಣದ ಚಿತ್ರ. ಗಡ್ಡೆಯ ಸುತ್ತ ಗೆರೆ ಎಳೆದಳು. ಬೆನ್ನುಹುರಿಯ ಕಡೆಯ ನರಗಳನ್ನು ಹಳದಿ ಬಣ್ಣದಲ್ಲಿ ಗುರುತು ಮಾಡಿದಳು, ಅಲ್ಲಿಗೆ ಬಿಸಿ ಹೋಗಬಾರದು. ಪಕ್ಕದ ಕರುಳನ್ನೂ ಗುರುತು ಮಾಡಿದಳು, ಅಲ್ಲಿಗೂ ಹೋಗಬಾರದು. ಆಮೇಲೆ ಒಂದು ಬಟನ್ ಒತ್ತಿದಳು. ಹೊಟ್ಟೆಯ ಮುಂಭಾಗದಿಂದ ಹಸಿರು ಗೆರೆಗಳು ಹೊರಟು ನೇರ ಗಡ್ಡೆಯ ನಡುವಿಗೆ ಹೋಗಿ ಕೂಡಿಕೊಂಡವು.

“ಗಡ್ಡೆ ನಿಮ್ಮ ಹೊಕ್ಕುಳದ ನೇರ ಹಿಂದೇನೇ ಬಂದು ಕೂತಿದೆ ನೋಡಿ. ಒಂಥರಾ ಒಳ್ಳೇದೇ ಆಯ್ತು. ಮುಂದೆ ಕರುಳು ಅಡ್ಡ ಇಲ್ಲ. ಇಷ್ಟು ಒಳ್ಳೆ ದಾರಿ ಎಲ್ರಿಗೂ ಸಿಗಲ್ಲ.”

“ಅಂದ್ರ ಆಗ್ತದ ಅಂತೀರೇನು?”

“ಪ್ಲಾನ್ ಚೆನ್ನಾಗಿ ಬಂದಿದೆ,” ಅಂದಳು. ಅವಳು ಆಗುತ್ತದೆ ಎಂದು ಹೇಳಲಿಲ್ಲ. ಆದರೆ ನಾನು ಆಗುತ್ತದೆ ಎಂದೇ ಕೇಳಿಸಿಕೊಂಡೆ.

ವಾಪಸು ಬರುವಾಗ 290 ಹೆದ್ದಾರಿಯ ಉದ್ದಕ್ಕೂ ನಾನು ಒಬ್ಬಳೇ ಮಾತಾಡಿದ್ದು. ನಡುದಾರಿಯ ಬ್ರೆನಮ್ ಊರಿನ ಹತ್ತಿರ ನಿಲ್ಲಿಸಿ ಐಸ್‌ಕ್ರೀಮ್ ತಿಂದೆವು. ಅವ್ವ ತನ್ನ ಪಾಲಿನದನ್ನೂ ನನಗೇ ಕೊಟ್ಟಳು. ಮನೆಗೆ ಬಂದವಳೇ ಅಲಮಾರಿನಿಂದ ಆ ಹಸಿರು ಸೀರೆ ತೆಗೆದು ಮಡಿಕೆ ಬದಲಾಯಿಸಿ ಮತ್ತೆ ಇಟ್ಟಳು. ಮಡಿಕೆಯಲ್ಲಿ ಜರಿ ಸವೆಯುತ್ತದಂತೆ. ಯಾಕೆ ಬೇ ಎಂದು ನಾನು ಕೇಳಲಿಲ್ಲ, ನನಗೂ ಅದೇ ಬೇಕಾಗಿತ್ತು.

ಚಿಕಿತ್ಸೆಯ ದಿನ ಬೆಳಿಗ್ಗೆ ನಾವು ಹ್ಯೂಸ್ಟನ್ನಿನಲ್ಲೇ ಇದ್ದೆವು, ಹಿಂದಿನ ದಿನವೇ ಹೋಗಿ ಹೋಟೆಲಿನಲ್ಲಿ ಉಳಿದಿದ್ದೆವು. ಅವ್ವ ನನ್ನ ಹಣೆಗೂ ಅಳಿಯನ ಹಣೆಗೂ ವಿಭೂತಿ ಹಚ್ಚಿದಳು. ಆಸ್ಪತ್ರೆಯಲ್ಲಿ ನನ್ನ ಬಳೆ, ಓಲೆ, ತಾಳಿ ಎಲ್ಲ ತೆಗೆಸಿ ಶ್ರೀಶೈಲ್‌ನ ಕೈಗೆ ಕೊಟ್ಟರು. ಪರದೆಯ ಹಿಂದೆ ಮಲಗಿಸಿದರು. ಹೊಟ್ಟೆ ತೊಳೆದು ಸಣ್ಣ ಕೂದಲನ್ನೂ ಬೋಳಿಸಬೇಕಿತ್ತು, ಕೂದಲಲ್ಲಿ ಗಾಳಿ ಗುಳ್ಳೆ ಸಿಕ್ಕಿಕೊಂಡರೆ ಚರ್ಮ ಸುಡುತ್ತದಂತೆ. ನರ್ಸ್ ಹೆಂಗಸು, ಒಳ್ಳೆಯವಳೇ, ಹವಾಮಾನದ ಬಗ್ಗೆ ಏನೋ ಹರಟುತ್ತ ನನ್ನ ಗೌನ್ ಮೇಲೆತ್ತಿದಳು. ಅವಳ ಹರಟೆ ನಿಂತುಹೋಯಿತು.

ಶ್ರೀಶೈಲ್‌ನ ಕಡೆ ತಿರುಗಿ, ನೀವು ಹೊರಗೆ ಹೋಗಿ ಒಂದು ಕಾಫಿ ಕುಡಿದು ಬನ್ನಿ ಅಂದಳು. ಅವನು ಬೇಡ ಅಂದ. ಅವಳು ಹೋಗಿ ಅಂದಳು. ಅವನು ಹೋದ. ಪರದೆ ಎಳೆದು, ಕುರ್ಚಿ ಹತ್ತಿರ ಸರಿಸಿಕೊಂಡು, ಇದ್ದಕ್ಕಿದ್ದಂತೆ ಮೆತ್ತಗಾದ ದನಿಯಲ್ಲಿ ಕೇಳಿದಳು: ಮನೆಯಲ್ಲಿ ನೀವು ಹೆದರಿಕೆಯಿಲ್ಲದೆ ಇದ್ದೀರಾ? ನಿಮ್ಮನ್ನು ಹೀಗೆ ಸುಟ್ಟವರು ಯಾರು?

“ಸುಟ್ಟದ್ದಾ? ಯಾವಾಗ?” ಅಂದೆ. ನನಗೆ ತಲೆಬುಡ ತಿಳಿಯಲಿಲ್ಲ.

ಅವಳು ಬೆರಳು ತೋರಿಸಿದಳು. ನಾನು ತಲೆ ಎತ್ತಿ ನನ್ನ ಹೊಟ್ಟೆಯನ್ನೇ ನೋಡಿಕೊಂಡೆ. ಹೊಕ್ಕುಳ ಸುತ್ತ ದುಂಡಗೆ, ಒಂದರ ಪಕ್ಕ ಒಂದು, ಮೈಬಣ್ಣಕ್ಕಿಂತ ತುಸು ಬಿಳುಪಾದ, ಹೊಳಪಿನ ಗುರುತುಗಳು. ಚುಟಿಗಿ! ಬರೆ! ಹೊಟ್ಟೆ ಉಬ್ಬಿ ಹಾಲು ಬಿಟ್ಟ ಕೂಸಿಗೆ ನಮ್ಮ ಕಡೆ ಹೊಕ್ಕುಳ ಸುತ್ತ ಬರೆ ಹಾಕಿಸುತ್ತಿದ್ದರು. ನನ್ನ ಓಣಿಯ ಹುಡುಗಿಯರ ಹೊಟ್ಟೆಯಲ್ಲೆಲ್ಲ ಇದ್ದವು. ಕೆರೆಯಲ್ಲಿ ಈಜುವಾಗ ಇಲ್ಲದವರನ್ನೇ ನಾವು ಬೆರಗಿನಿಂದ ನೋಡುತ್ತಿದ್ದೆವು. ನನಗೆ ಅವು ಕಲೆಯಲ್ಲ, ಗಾಯವಲ್ಲ, ಹೊಕ್ಕುಳ ಇರುವ ಹಾಗೆ ಅವೂ ಇದ್ದವು. ಇನ್ನೊಬ್ಬರ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕಿ ಸಂಬಳ ತಿನ್ನುವವಳು ನಾನು. ನನ್ನ ಹೊಟ್ಟೆಯ ಮೇಲಿನದು ನನಗೆ ಕಂಡಿರಲಿಲ್ಲ.

ನಗು ಬಂತು. “ಅಯ್ಯೋ, ಇದಾ? ಇದು ನಮ್ಮಮ್ಮ ಹಾಕಿಸಿದ್ದು,” ಅಂದೆ.

ನರ್ಸ್ ಮುಖ ಇನ್ನೂ ಬಿಳಿಚಿತು. “ನಿಮ್ಮ ತಾಯಿ ನಿಮ್ಮನ್ನು ಸುಟ್ಟರಾ? ನಿಮಗೆ ಆಗ ಎಷ್ಟು ವಯಸ್ಸು?”

“ಹುಟ್ಟಿ ಇನ್ನೂ ತಿಂಗಳಾಗಿರಲಿಲ್ಲ.”

ಹೇಳಿದಷ್ಟೂ ಕೆಡುತ್ತಾ ಹೋಯಿತು. ಇನ್ನೊಬ್ಬಳು ಬಂದಳು, ಇಂಥ ವಿಷಯ ವಿಚಾರಿಸುವುದಕ್ಕೆಂದೇ ಇರುವ ಸೋಷಿಯಲ್ ವರ್ಕರ್. ಇವು ಸಿಗರೇಟಿನಿಂದ ಸುಟ್ಟ ಗುರುತಿನ ಹಾಗೆ ಕಾಣುತ್ತವೆ ಅಂದಳು. ನಿಮ್ಮ ಪತಿ ಸಿಗರೇಟು ಸೇದುತ್ತಾರಾ ಅಂದಳು. ಶ್ರೀಶೈಲ್ ಅಡಿಕೆಯನ್ನೂ ಬಾಯಿಗೆ ಹಾಕಿದವನಲ್ಲ! ನನಗೆ ಮೈಯೆಲ್ಲ ಉರಿದುಹೋಯಿತು. ಯಂತ್ರ ನಮಗೆ ಮಧ್ಯಾಹ್ನದವರೆಗೆ ಮಾತ್ರ, ಆಮೇಲೆ ಬೇರೆಯವರಿಗೆ. ಗಡಿಯಾರ ಓಡುತ್ತಿದೆ, ಇವರು ಇಲ್ಲಿ ನನ್ನ ಗಂಡನನ್ನು ಕಟಕಟೆ ಹತ್ತಿಸುತ್ತಿದ್ದಾರೆ.

“ನನ್ನ ಗಂಡ ಒಂದು ಇರುವೆಯನ್ನೂ ತುಳಿಯುವವನಲ್ಲ! ಅವನಿಗೆ ಬೈಯುವವಳು ನಾನು, ಅದನ್ನು ಬೇಕಾದರೆ ಬರೆದುಕೊಳ್ಳಿ!” ಎಂದು ಕಿರುಚಿದೆ.

ಕಿರುಚಿದ್ದು ಕಾರಿಡಾರಿಗೆ ಕೇಳಿಸಿರಬೇಕು. ಪರದೆ ಸರಕ್ಕನೆ ಸರಿಯಿತು. ಅವ್ವ! ಹಿಂದೆ ಶ್ರೀಶೈಲ್, ಅವನ ಹಿಂದೆ ಒಬ್ಬ ಗಾರ್ಡ್, ಅವರಿಬ್ಬರ ನಡುವೆ ನುಸುಳಿಕೊಂಡು ಬರುತ್ತಿರುವ ನಿಶಿತಾ.

“ಏನಂತಾರ ಇವರು? ಅಳಿಯಂದ್ರ ಮ್ಯಾಲೆ ಏನು ಹೊರಸ್ತಾರ?” ಅವ್ವ ನಿಶಿತಾಳನ್ನೇ ಕೇಳಿದಳು.

ನಿಶಿತಾ ನನ್ನ ಹೊಟ್ಟೆ ನೋಡಿದಳು. “ಇವು ಯಾರೋ ಸುಟ್ಟಿದ್ದು ಅಂದ್ಕೊಂಡಿದ್ದಾರೆ ಅಮ್ಮ,” ಅಂದಳು.

ಅವ್ವ ಕೂಗಾಡಲಿಲ್ಲ. ಸೆರಗು ಸರಿಸಿದಳು. ನಿರಿಗೆ ತುಸು ಕೆಳಕ್ಕೆ ಜಗ್ಗಿದಳು. ಅವಳ ಸುಕ್ಕುಬಿದ್ದ ಹೊಟ್ಟೆಯ ಮೇಲೂ, ಹೊಕ್ಕುಳ ಸುತ್ತ, ಹಳೆಯ ನಾಣ್ಯಗಳ ಹಾಗೆ ಸವೆದುಹೋದ ಬರೆಗಳು. “ಅಳಿಯಂದ್ರ, ನಿಮ್ಮ ಅಂಗೀನೂ ಎತ್ರಿ,” ಅಂದಳು. ಶ್ರೀಶೈಲ್ ನಾಚಿ ನೀರಾಗಿ, ಗಾರ್ಡಿನ ಕಡೆ ಒಮ್ಮೆ ನೋಡಿ, ಟೀಶರ್ಟ್ ಎತ್ತಿದ. ಮುಧೋಳದಲ್ಲಿ ಹುಟ್ಟಿ ಬೆಳೆದ ಹೊಟ್ಟೆ. ಅವನಿಗೂ ಇದ್ದವು. ಎರಡು ಜಾಸ್ತಿಯೇ ಇದ್ದವು.

ಸೋಷಿಯಲ್ ವರ್ಕರ್ ಹೆಂಗಸು ಒಂದು ಹೊಟ್ಟೆಯಿಂದ ಇನ್ನೊಂದು ಹೊಟ್ಟೆಗೆ ನೋಡಿದಳು. ನಿಶಿತಾ ಇಂಗ್ಲಿಷಿನಲ್ಲಿ ಅವಳಿಗೆ ಎಲ್ಲ ವಿವರಿಸಿದಳು. ಗಾರ್ಡ್ ನೆಲ ನೋಡುತ್ತ ಹೊರಟುಹೋದ. ನಾನು ಜೋರಾಗಿ ನಕ್ಕುಬಿಟ್ಟೆ. ಗೆದ್ದೆವು ಅಂದುಕೊಂಡೆ. ಸರಿ, ಇನ್ನು ತಡ ಯಾಕೆ, ಶುರು ಮಾಡಿ ಅಂದೆ.

ನಿಶಿತಾ ನಗಲಿಲ್ಲ. ಅವಳು ನನ್ನ ಹೊಟ್ಟೆಯ ಮೇಲೆ ಬಗ್ಗಿ ಒಂದೊಂದು ಬರೆಯನ್ನೂ ಬೆರಳಿನಿಂದ ಒತ್ತಿ ನೋಡುತ್ತಿದ್ದಳು.

“ಪ್ರೇರಣಾ, ನಾನು ಕೇಳಿದ್ದೆನಲ್ಲಾ ಕಲೆ ಇದ್ಯಾ ಅಂತ.”

“ಇವು ಕಲೆ ಅಂತ ನನಗ ಅನಸಲೇ ಇಲ್ರಿ. ಯಾಕ? ಏನಾಗ್ತದ?”

“ಸುಟ್ಟು ಮಾಗಿದ ಚರ್ಮ ಗಟ್ಟಿ ಆಗಿರುತ್ತೆ. ಅಲೆ ಅದನ್ನ ದಾಟಿ ಒಳಗೆ ಹೋಗಲ್ಲ, ಅಲ್ಲೇ ನಿಂತು ಅಲ್ಲೇ ಸುಡುತ್ತೆ. ಸ್ಕ್ಯಾನ್‌ನಲ್ಲಿ ಚರ್ಮ ಒಂದು ತೆಳ್ಳಗಿನ ಗೆರೆ ಅಷ್ಟೇ, ಇವು ನನಗೆ ಕಾಣಿಸ್ಲಿಲ್ಲ.” ಅವಳು ಎದ್ದು ನಿಂತಳು. “ನನ್ನ ಪ್ಲಾನ್ ಪೂರ್ತಿ ಈ ಜಾಗದ ಮೂಲಕವೇ ಹೋಗುತ್ತೆ.”

ಆಗ ನನಗೆ ಹೆದರಿಕೆಯಾಯಿತು. ಆ ಹೆದರಿಕೆ ಇನ್ನೂ ಹೋಗಿಲ್ಲ.

ಬಿಟ್ಟುಬಿಡಬೇಡಿ ಎಂದು ಅವಳ ಕೈ ಹಿಡಿದುಕೊಂಡೆ. ಏನಾದರೂ ಮಾಡಿ, ಪ್ಲಾನ್ ಬದಲಿಸಿ, ಬೇರೆ ಕಡೆಯಿಂದ ಕಳಿಸಿ. ಡಾಕ್ಟರು ಬಂದರು, ನೋಡಿದರು, ತುಟಿ ಕಚ್ಚಿಕೊಂಡರು. ನಿಶಿತಾ ಅವರೊಡನೆ ಗೋಡೆಯ ಹತ್ತಿರ ನಿಂತು ವಾದ ಮಾಡಿದಳು. ಕೊನೆಗೆ ಒಂದು ಪ್ರಯತ್ನ ಮಾಡೋಣ ಅಂದರು. ಬರೆಗಳ ಮೇಲೆಲ್ಲ ಅಲೆ ತಡೆಯುವ ತೆಳ್ಳನೆಯ ಪಟ್ಟಿ ಅಂಟಿಸಿದರು. ಗಡ್ಡೆಯನ್ನು ತುಸುವಾದರೂ ಮೇಲಕ್ಕೋ ಪಕ್ಕಕ್ಕೋ ಸರಿಸಲು ನಳಿಗೆ ಹಾಕಿ ಮೂತ್ರಕೋಶದಲ್ಲಿ ನೀರು ತುಂಬಿಸಿದರು. ಹೊಟ್ಟೆ ಬಿರಿಯುವಷ್ಟು ತುಂಬಿಸಿದರು. ನಾನು ಇನ್ನೂ ತುಂಬಿಸಿ ಅಂದೆ.

ಬೋರಲು ಮಲಗಿಸಿ ಯಂತ್ರದೊಳಗೆ ತಳ್ಳಿದರು. ಕೈಯಲ್ಲಿ ಒಂದು ಬಟನ್ ಕೊಟ್ಟಿದ್ದರು, ಉರಿ ತಡೆಯದಾದರೆ ಒತ್ತಿ, ಎಲ್ಲ ನಿಂತುಹೋಗುತ್ತದೆ. ಕಿವಿಯಲ್ಲಿ ನಿಶಿತಾಳ ದನಿ. ಅವಳು ಗಾಜಿನಾಚೆ ಕೂತು ಪ್ಲಾನ್ ಹೊಸದಾಗಿ ಎಳೆಯುತ್ತಿದ್ದಳು. ತಟ್ಟೆಯನ್ನು ಕೆಳಗಿನಿಂದ ಓರೆ ಮಾಡಿದರೆ ಅಲೆ ನೇರ ಬೆನ್ನಿನ ನರದ ಕಡೆ ಹೋಗುತ್ತಿತ್ತು. ಪಕ್ಕದಿಂದ ಕಳಿಸಿದರೆ ಕರುಳು. ಉಳಿದದ್ದು ಬರೆಗಳ ನಡುನಡುವಿನ ಚೂರುಪಾರು ಜಾಗ. ಬರೆಗೆ ತಾಗುವ ಅಲೆಗಳನ್ನೆಲ್ಲ ಬಂದ್ ಮಾಡಿ, ಉಳಿದವನ್ನು ಆ ಸಂದಿಯಿಂದಲೇ ತೂರಿಸುತ್ತೇನೆ, ಮೊದಲು ಸಣ್ಣದಾಗಿ ಪರೀಕ್ಷೆ ಅಂದಳು.

ಟಕ್ ಎಂಬ ಸದ್ದು. ಬೆಚ್ಚಗಾಯಿತು.

“ಹೇಗಿದೆ?”

“ಆರಾಮ ಐತ್ರಿ.”

ಮತ್ತೊಮ್ಮೆ. ಈ ಸಲ ಬೆಚ್ಚಗಲ್ಲ, ಬಿಸಿ. ಎಲ್ಲ ಬಲವನ್ನೂ ಅಂಗೈಯಗಲದ ಜಾಗದಿಂದ ಕಳಿಸಬೇಕಲ್ಲ, ಆ ಜಾಗದ ಚರ್ಮ ಕಾಯುತ್ತಿತ್ತು.

“ಒಳಗೆ ಸಾಕಾಗ್ತಾ ಇಲ್ಲ, ಸ್ವಲ್ಪ ಏರಿಸ್ತೀನಿ. ಉರಿದ್ರೆ ಬಟನ್ ಒತ್ತಿ.”

“ಏರಸ್ರಿ.”

ಟಕ್. ಕಾದ ಹಂಚಿನ ಮೇಲೆ ಹೊಟ್ಟೆ ಊರಿದ ಹಾಗಾಯಿತು. ಬಟನ್ ಮೇಲೆ ಹೆಬ್ಬೆರಳಿತ್ತು, ಒತ್ತಲಿಲ್ಲ. ಹಲ್ಲು ಕಚ್ಚಿ ಹಿಡಿದೆ. ಚರ್ಮ ಹೋದರೆ ಹೋಗಲಿ, ಇನ್ನೊಂದು ಸುತ್ತು ಬರೆ ಬೀಳಲಿ, ಎಲ್ಲ ಸುಟ್ಟುಹೋಗಲಿ, ಅದೊಂದು ಉಳಿಯಲಿ.

“ಪ್ರೇರಣಾ, ಉರೀತಿದ್ಯಾ?”

“ಇಲ್ರಿ. ಏನೂ ಆಗಿಲ್ಲ. ಮುಂದುವರಸ್ರಿ.”

“ಸುಳ್ಳು ಹೇಳ್ಬೇಡಿ. ನಿಮ್ಮ ಚರ್ಮ ಎಷ್ಟು ಕಾದಿದೆ ಅಂತ ನನಗಿಲ್ಲಿ ಕಾಣ್ತಿದೆ. ಬಟನ್ ಒತ್ತಿ.”

“ಒತ್ತಂಗಿಲ್ಲ! ನಿಮ್ಮ ಕಾಲಿಗೆ ಬೀಳ್ತೀನಿ, ನಿಲ್ಲಿಸಬ್ಯಾಡ್ರಿ! ಒಂದ್ ಸಲ, ಇನ್ನೊಂದೇ ಸಲ!”

ಅವಳೇ ನಿಲ್ಲಿಸಿದಳು. ಯಂತ್ರದ ಸದ್ದು ಇಳಿಯಿತು.

ಆಮೇಲೆ ಪರದೆಯ ಹಿಂದೆ ಮತ್ತೆ ಅದೇ ಮಂಚ. ಹೊಟ್ಟೆಯ ಮೇಲೆ ತಣ್ಣನೆಯ ಬಟ್ಟೆ. ಅವ್ವ ತಲೆಯ ಹತ್ತಿರ ಕೂತು ನನ್ನ ಕೂದಲು ಸರಿಸುತ್ತಿದ್ದಳು. ಶ್ರೀಶೈಲ್ ಕಾಲಿನ ಹತ್ತಿರ ನಿಂತಿದ್ದ, ಮುಷ್ಟಿಯಲ್ಲಿ ನನ್ನ ತಾಳಿ. ಡಾಕ್ಟರೂ ನಿಶಿತಾಳೂ ಬಂದರು. ಅವಳ ಕಣ್ಣು ಕೆಂಪಾಗಿತ್ತು. ಬೆಳಿಗ್ಗೆಯಿಂದ ಅವ್ವನಿಗೂ ತಿಳಿಯಲಿ ಎಂದು ಪ್ರತಿಯೊಂದನ್ನೂ ಕನ್ನಡದಲ್ಲೇ ಹೇಳುತ್ತಿದ್ದವಳು ಈಗಲೂ ಹಾಗೆಯೇ ಶುರುಮಾಡಿದಳು.

“ಪ್ರೇರಣಾ, ಆ ಬರೆ—”

“ಇಂಗ್ಲಿಷಿನ್ಯಾಗ ಹೇಳ್ರಿ,” ಅಂದೆ.

ಅವಳು ಅರ್ಥವಾಗದೆ ನನ್ನನ್ನು ನೋಡಿದಳು. ನಾನು ಅವ್ವನ ಕಡೆ ಕಣ್ಣು ಹಾಯಿಸಿದೆ. ನಿಶಿತಾ ತಲೆ ತಗ್ಗಿಸಿ ಇಂಗ್ಲಿಷಿಗೆ ಹೊರಳಿದಳು. ದಾರಿಯಿಲ್ಲ. ಇವತ್ತಿಲ್ಲ, ಇನ್ನೊಂದು ದಿನವೂ ಇಲ್ಲ. ಗಡ್ಡೆ ಅಲ್ಲಿಂದ ಕದಲುವುದಿಲ್ಲ, ಬರೆಗಳು ಎಂದೂ ಹೋಗುವುದಿಲ್ಲ. ಬರೆಗಳಿಲ್ಲದಿದ್ದರೆ ಮಾಡಬಹುದಿತ್ತು, ಚೆನ್ನಾಗಿಯೇ ಮಾಡಬಹುದಿತ್ತು. ಹೀಗೆ ರಕ್ತ ಹೋಗುತ್ತಿದ್ದರೆ ನನ್ನ ಜೀವಕ್ಕೇ ಅಪಾಯ, ಆಸ್ಟಿನ್ನಿನ ಡಾಕ್ಟರಮ್ಮ ಹೇಳಿದ, ಕೋಶ ತೆಗೆಯುವ ಆಪರೇಷನ್ನನ್ನು ತಡಮಾಡದೆ ಮಾಡಿಸಿಕೊಳ್ಳಬೇಕು ಎಂದು ಡಾಕ್ಟರು ಸೇರಿಸಿದರು. ನಾನು ಎಲ್ಲದಕ್ಕೂ ಎಸ್, ಎಸ್ ಅಂದೆ.

ಅವರು ಹೋದ ಮೇಲೆ ಅವ್ವ ಕೇಳಿದಳು. “ಏನಂದ್ರು?”

“ಮಷಿನ್ ಕೆಟ್ಟೈತಂತ ಬೇ. ಬ್ಯಾರೆ ಏನರೆ ನೋಡೂಣು ಅಂದ್ರು.”

“ಹೂಂ,” ಅಂದಳು.

ವಾಪಸು ಹೊರಟಾಗ ಇನ್ನೂ ಬಿಸಿಲಿತ್ತು. ಅವ್ವ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಳು. ಬ್ರೆನಮ್ ಬಂತು, ಶ್ರೀಶೈಲ್ ಕಾರು ನಿಲ್ಲಿಸಲಿಲ್ಲ, ಯಾರೂ ಕೇಳಲಿಲ್ಲ. ಅದನ್ನು ದಾಟಿದ ಮೇಲೆ ಅವ್ವ ಕಿಟಕಿಯ ಕಡೆ ನೋಡುತ್ತಲೇ ಅಂದಳು.

“ಆ ಬಾಯಾರು ಮುಂಜಾನಿಂದ ನನ್ನ ಮುಂದ ಎಲ್ಲಾ ಕನ್ನಡದಾಗ ಹೇಳಿದ್ರು. ಕಡೀಕ ಒಮ್ಮಿಗಿಲೇ ಇಂಗ್ಲಿಷ್ ಹಿಡದ್ರು. ಮಷಿನ್ ಕೆಟ್ಟದ್ದನ್ನ ಹೇಳಾಕ ಇಂಗ್ಲಿಷ್ ಯಾಕ ಬೇಕು ತಂಗಿ?”

ನಾನು ಸೀಟ್‌ಬೆಲ್ಟನ್ನು ಉರಿಯುವ ಹೊಟ್ಟೆಯಿಂದ ತುಸು ದೂರ ಜಗ್ಗಿ ಹಿಡಿದೆ.

“ನಾ ಹಾಕಿಸಿದ್ದು ಅಡ್ಡ ಬಂತು. ಹೌದಿಲ್ಲೊ?”

ಇಲ್ಲ ಅನ್ನಬೇಕೆಂದೇ ಬಾಯಿ ತೆರೆದೆ. ಇಡೀ ದಿನ ಕಚ್ಚಿ ಹಿಡಿದದ್ದು ಹೊರಬಿತ್ತು. “ಹೌದು! ಹೌದಬೇ, ಅ‌ಡ್ಡ ಬಂತು! ಯಾಕ ಹಾಕಿಸಿದಿ? ಊರಾಗ ಡಾಕ್ಟರ್ ಇದ್ದಿದ್ದಿಲ್ಲೇನು? ತಿಂಗಳು ತುಂಬದ ಕೂಸಿನ ಹೊಟ್ಟಿ ಸುಡಾಕ ನಿನಗ ಕೈಯರೆ ಹೆಂಗ ಬಂತು?”

“ಪ್ರೇರಣಾ, ಸಾಕು,” ಅಂದ ಶ್ರೀಶೈಲ್, ಮುಂದಿನಿಂದ.

“ನೀ ಸುಮ್ನ ಗಾಡಿ ಹೊಡಿ!” ಅವ್ವನ ಮುಂದೆ ಅವನನ್ನು ನೀವು ಎಂದೇ ಕರೆಯುತ್ತಿದ್ದವಳು, ಅದನ್ನೂ ಮರೆತೆ.

ಅವ್ವ ಅಳಲಿಲ್ಲ. ನಾನು ಚಿಕ್ಕಂದಿನಿಂದ ಕೇಳಿದ ಕಥೆಯೇ ಅದು, ನೆಂಟರಿಷ್ಟರ ಮುಂದೆ ಅವಳು ಹೆಮ್ಮೆಯಿಂದ ಹೇಳುತ್ತಿದ್ದದ್ದು. ಈ ಸಲ ಮೆಲ್ಲಗೆ ಹೇಳಿದಳು.

“ಡಾಕ್ಟರ್ ಇದ್ದ. ನೋಡಿ, ಇದು ಉಳಿಯಂಗಿಲ್ಲ, ಮನಿಗೆ ಒಯ್ಯವ್ವ ಅಂದ. ನಿನ್ನ ಹೊಟ್ಟಿ ಉಬ್ಬಿ ಬಿಗದಿತ್ತು, ಮೊಲಿ ಬಿಟ್ಟಿದ್ದಿ, ಅಳೂದೂ ಬಿಟ್ಟಿದ್ದಿ. ಮನಿಗೆ ಒಯ್ಯಲಿಲ್ಲ ನಾ. ಬೀಳಗಿ ಬಸ್ಸು ಹತ್ತಿದೆ. ಅಲ್ಲಿ ಚುಟಿಗಿ ಹಾಕಾಕಿ ಬಳಿಚೂರು ಕೊಡು ಅಂದ್ಲು, ಹಸರ ಬಳಿ ಆಗಬೇಕು ಅಂದ್ಲು. ಗಂಡ ಇದ್ದಾಕಿ ನಾ. ನನ್ನ ಕೈಯಾನ ಬಳಿ ನಾನ ಕಲ್ಲಿಗೆ ಬಡದು ಒಡದೆ. ಅದನ್ನ ಕಾಯಿಸಿ ಆಕಿ ಇಟ್ಟಳು. ಆವಾಗ ನೀ ಅತ್ತಿ. ಆ ಅಳು ಕೇಳಿದ್ದ ಮ್ಯಾಲೆ ನಾ ಉಂಡೆ.”

ಬದುಕಿದ್ದು ಅದರಿಂದಲ್ಲ, ತಾನಾಗಿಯೇ ಗುಣವಾಯಿತು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳಬಲ್ಲಷ್ಟು ಓದಿದ್ದೇನೆ ನಾನು. ಹಿಂದೆ ಎಷ್ಟೋ ಸಲ ಹೇಳಿದ್ದೇನೆ ಕೂಡ. ಹೊಟ್ಟೆಯ ಮೇಲಿನ ಚರ್ಮ ಇನ್ನೂ ಉರಿಯುತ್ತಿತ್ತು.

“ತಪ್ಪಾತು ಅನ್ನಂಗಿಲ್ಲ ನಾ,” ಅಂದಳು ಅವ್ವ. “ನೀ ಬೈಯಿ, ಬಡಿ, ಅನ್ನಂಗಿಲ್ಲ. ನೀನ ಹೇಳು. ನಿನ್ನ ಕೂಸು ಹಂಗ ಉಡಿಯಾಗ ತಣ್ಣಗ ಆಗಾಕ ಹತ್ತಿದ್ರ, ಡಾಕ್ಟರ್ ಒಯ್ಯಿ ಅಂದಿದ್ರ, ನೀ ಏನ್ ಮಾಡ್ತಿದ್ದಿ?”

ನಾನು ನನ್ನ ಕೈ ನೋಡಿಕೊಂಡೆ. ಬೆಳಿಗ್ಗೆ ತೆಗೆಸಿದ ಬಳೆಗಳನ್ನು ಇನ್ನೂ ಹಾಕಿಕೊಂಡಿರಲಿಲ್ಲ. ಮುಂದಿನ ಸೀಟಿನಲ್ಲಿ ಶ್ರೀಶೈಲ್ ಕಾರಿನ ವೇಗ ಇಳಿಸಿ, ರಸ್ತೆಯ ಅಂಚಿಗೆ ಸರಿಸಿ, ನಿಲ್ಲಿಸಿದ. ಅವನ ಭುಜ ಅಲುಗುತ್ತಿತ್ತು.

“ನಾನೂ ಬಳಿ ಒಡೀತಿದ್ದೆ ಬೇ,” ಅಂದೆ. “ಕೂಸು ಇದ್ದಿದ್ರ.”

ಅವ್ವ ನನ್ನ ಬರಿಗೈ ಎಳೆದು ತನ್ನ ಉಡಿಯಲ್ಲಿ ಇಟ್ಟುಕೊಂಡಳು.